ಮೋಸೆಲ್ ದಂಡೆಯ ಹುಳಿ, ಅಪ್ಪನ ಬ್ರಿಕ್ಸ್ ಲೆಕ್ಕ

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಊರು. ಎತ್ತ ನೋಡಿದರೂ ದ್ರಾಕ್ಷಿ ಪಡ, ನಡುವೆ ಒಣದ್ರಾಕ್ಷಿ ಶೆಡ್ಡುಗಳು. ಅಪ್ಪ ಥಾಮ್ಸನ್ ತಳಿಯ ದ್ರಾಕ್ಷಿ ಬೆಳೆದು ಒಣಗಿಸಿ ಮಾರುತ್ತಾರೆ. ವೈನ್ ಅನ್ನು ಅವರು ಯಾವತ್ತೂ ಬಾಯಿಗೆ ಹಾಕಿದವರಲ್ಲ. ಆದರೂ ತಂಪು ಸೀಮೆಯ ವೈನ್ ಯಾಕೆ ಹಾಗಿರುತ್ತದೆ ಅನ್ನೋದು ನನಗೆ ತಿಳಿದದ್ದು ಅವರ ಜೊತೆ ಜರ್ಮನಿಯ ಮೋಸೆಲ್ ನದಿಯ ದಂಡೆಗೆ ಹೋದ ದಿನವೇ. ಅದಕ್ಕೂ ಮೊದಲು ಫ್ರಾಂಕ್‌ಫರ್ಟ್‌ನಲ್ಲಿ ಗೆಳೆಯರ ಜೊತೆ ಕೂತು ಅಲ್ಲಿನ ರೀಸ್ಲಿಂಗ್ ದ್ರಾಕ್ಷಿಯ ಬಿಳಿ ವೈನ್ ಕುಡಿದಿದ್ದೆ, ಇಷ್ಟಪಟ್ಟಿದ್ದೆ. ಇಷ್ಟಪಡೋದು ಬೇರೆ, ತಿಳಿಯೋದು ಬೇರೆ ಅಲ್ವಾ.

ಅಪ್ಪ-ಅವ್ವ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ನಮ್ಮ ಮನೆಗೆ ಬಂದಿದ್ದರು. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಹೊತ್ತಿಗೆ ಊರಲ್ಲಿ ಇರಲೇಬೇಕು ಅಂತ ಟಿಕೆಟ್ ಮಾಡಿಸುವಾಗಲೇ ಹೇಳಿದ್ದರು. ಮ್ಯೂಸಿಯಂ, ಅರಮನೆ ಎಲ್ಲ ನೋಡಿ ಅವರಿಗೆ ಸಾಕಾಗಿತ್ತು. "ಇಲ್ಲಿ ದ್ರಾಕ್ಷಿ ಪಡಾ ಎಲ್ಲಿ ಅದಾವ ತಮ್ಮಾ?" ಅಂತ ಕೇಳಿದರು. ಅವ್ವ ಮೊಮ್ಮಗಳ ಜೊತೆ ಮನೆಯಲ್ಲೇ ಉಳಿದರು. ನಾವಿಬ್ಬರು ಬೆಳಗ್ಗೆ ಕಾರು ಹತ್ತಿದೆವು.

ಬೆರ್ನ್‌ಕಾಸ್ಟೆಲ್ ಊರು ದಾಟಿದ ಮೇಲೆ ನದಿ ಸುತ್ತಿ ಸುತ್ತಿ ಹೋಗುತ್ತದೆ. ವೇಲೆನ್ ಹತ್ತಿರ ಎದುರಿನ ಗುಡ್ಡ ನೋಡಿ ಅಪ್ಪ ಗಾಡಿ ನಿಲ್ಲಿಸಲು ಹೇಳಿದರು. ಕೆಳಗಿಂದ ಮೇಲಿನವರೆಗೆ ಬರೀ ಬಳ್ಳಿ. ಬಂಡೆಗಳ ನಡುವೆ ಬಿಳಿ ಬಣ್ಣದ ದೊಡ್ಡ ಸೂರ್ಯ ಗಡಿಯಾರ ಕಾಣಿಸುತ್ತಿತ್ತು. 1842ರಲ್ಲಿ ಕಟ್ಟಿದ್ದು ಅದು. ಆ ತೋಟಕ್ಕೆ ಹೆಸರು ಬಂದಿರುವುದೂ ಅದರಿಂದಲೇ.

"ಕೆಳಗ ಇಷ್ಟ್ ಸಪಾಟ ಜಾಗಾ ಬಿಟ್ಟು ಗ್ವಾಡಿ ಮ್ಯಾಲ ಯಾಕ ಹಚ್ಯಾರ?"

ಸರಿಯಾದ ಪ್ರಶ್ನೆ. ಉತ್ತರ ಹೇಳಿದ್ದು ನಾವು ಹೋದ ತೋಟದ ಯಜಮಾನಿ. ಅರವತ್ತು ದಾಟಿದ ಹೆಂಗಸು, ಕೈ ನೋಡಿದರೆ ದುಡಿದವರು ಅಂತ ಗೊತ್ತಾಗುತ್ತದೆ. ಅವರು ಜರ್ಮನ್‌ನಲ್ಲಿ ಹೇಳೋದು, ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳೋದು, ದಿನವಿಡೀ ಇದೇ ನಡೆಯಿತು. ಮೋಸೆಲ್ ಇರುವುದು ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮ ವಿಜಯಪುರ 17ರ ಹತ್ತಿರ. ಮೋಸೆಲ್ ಕಡೆ ಸೂರ್ಯ ನೆತ್ತಿಗೆ ಬರುವುದೇ ಇಲ್ಲ, ಓರೆಯಾಗಿ ಹೋಗುತ್ತಾನೆ. ಸಪಾಟು ನೆಲದ ಮೇಲೆ ಬಿಸಿಲು ತೆಳುವಾಗಿ ಹರಡಿಹೋಗುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಗುಡ್ಡದ ಮೇಲಾದರೆ ನೇರವಾಗಿ ಬೀಳುತ್ತದೆ. ನದಿಯ ನೀರಿಂದ ಒಂದಿಷ್ಟು ಬೆಳಕು ವಾಪಸ್ ಬರುತ್ತದೆ. ನೆಲದ ತುಂಬ ಪದರ ಪದರವಾದ ಸ್ಲೇಟ್ ಕಲ್ಲು. ಅದು ಹಗಲಿಡೀ ಕಾದು ರಾತ್ರಿ ನಿಧಾನವಾಗಿ ಶಾಖ ಬಿಡುತ್ತದೆ. ಇದೇ ನದಿಯ ಬ್ರೆಮ್ ಊರಿನಲ್ಲಿ ಕಾಲ್ಮೋಂಟ್ ಅಂತ ಒಂದು ತೋಟವಿದೆ. ಅದರ ಇಳಿಜಾರು ಕೆಲವು ಕಡೆ 65 ಡಿಗ್ರಿ ಮುಟ್ಟುತ್ತದಂತೆ.

ನಮ್ಮಲ್ಲಿ ಬಿಸಿಲಿಂದ ಗೊನೆ ಕಾಪಾಡಲು ಎಲೆಯ ನೆರಳು ಮಾಡುತ್ತೇವೆ. ಇಲ್ಲಿ ಒಂದೊಂದು ಕಿರಣಕ್ಕೂ ಗುಡ್ಡ ಹತ್ತಿದ್ದಾರೆ. ಅಪ್ಪ ಸ್ಲೇಟಿನ ಒಂದು ಚಕ್ಕೆ ಎತ್ತಿಕೊಂಡು ಅಂಗೈಯಲ್ಲಿ ಹಿಡಿದು ನೋಡಿದರು. ಮೋಡವಿದ್ದರೂ ಕಲ್ಲು ಬೆಚ್ಚಗಿತ್ತು.

ತಂತಿಯಿಲ್ಲ, ಕಬ್ಬಿಣದ ಆ್ಯಂಗಲ್ ಇಲ್ಲ. ಒಂದು ಬಳ್ಳಿಗೆ ಒಂದು ಗೂಟ. ಎರಡು ಕಡ್ಡಿ ಬಗ್ಗಿಸಿ ಹೃದಯದ ಆಕಾರದಲ್ಲಿ ಕಟ್ಟಿರುತ್ತಾರೆ. ಸಾಲಿನ ತಂತಿ ಇಲ್ಲದ್ದರಿಂದ ಗುಡ್ಡಕ್ಕೆ ಅಡ್ಡಡ್ಡ ನಡೆಯಬಹುದು. ಔಷಧಿ ಹೊಡೆಯಲು ಕಡಿದಾದ ಕಡೆ ಹೆಲಿಕಾಪ್ಟರ್, ಈಗೀಗ ಡ್ರೋನ್. ಅಪ್ಪ ಎಲೆ ತಿರುಗಿಸಿ ಹಿಂಬದಿ ನೋಡಿ "ಡೌನಿ ಇಲ್ಲೂ ಐತಿ" ಅಂದರು. ದ್ರಾಕ್ಷಿ ಎಲೆಗೆ ಹತ್ತುವ ಬೂಸ್ಟಿನ ರೋಗ ಅದು. ಯಜಮಾನಿಗೆ ಅನುವಾದವೇ ಬೇಕಾಗಲಿಲ್ಲ.

ಆಮೇಲೆ ಅಪ್ಪ ಕೇಳಿದ್ದು, ಚಾಟ್ನಿ ಆದ ಮೇಲೆ ಬಳ್ಳಿಯ ಕಣ್ಣು ಒಡೆದು ಚಿಗುರಲು ಏನು ಹಚ್ಚುತ್ತೀರಿ ಅಂತ. ನಮ್ಮ ಕಡೆ ಬಳ್ಳಿ ನಿದ್ದೆ ಮಾಡುವುದೇ ಇಲ್ಲ. ಏಪ್ರಿಲ್‌ನಲ್ಲಿ ಕಡ್ಡಿಗಾಗಿ ಒಮ್ಮೆ, ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ ಒಮ್ಮೆ ಚಾಟ್ನಿ ಮಾಡಿ, ಡಾರ್ಮೆಕ್ಸ್ ಅನ್ನುವ ಔಷಧಿ ಹಚ್ಚಿ ಎಲ್ಲ ಕಣ್ಣುಗಳನ್ನು ಒಟ್ಟಿಗೆ ಎಬ್ಬಿಸಬೇಕು. ಯಜಮಾನಿ ಒಂದೇ ಮಾತು ಹೇಳಿದರು: "ಏನೂ ಇಲ್ಲ. ಚಳಿಗಾಲ ಆ ಕೆಲಸ ಮಾಡುತ್ತದೆ." ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಖರ್ಚು, ಆ ಕೂಲಿ, ಕೈ ಸುಡುವ ಆ ಔಷಧಿ ಎಲ್ಲ ಅವರ ತಲೆಯಲ್ಲಿ ಓಡಿರಬೇಕು.

ಕೊಯ್ಲು ಆಗಷ್ಟೇ ಶುರುವಾಗಿತ್ತು. ಯಜಮಾನಿ ಜೇಬಿನಿಂದ ಹಣ್ಣಿನ ಸಕ್ಕರೆ ಅಳೆಯುವ ಬ್ರಿಕ್ಸ್ ಮೀಟರ್ ತೆಗೆದರು. ಅಪ್ಪನ ಮುಖ ಅರಳಿತು, ನಮ್ಮ ಮನೆಯಲ್ಲೂ ಅದೇ ಥರದ್ದು ಇದೆ. ಆದರೆ ಒಳಗಿನ ಅಳತೆ ಬೇರೆ. ಜರ್ಮನಿಯಲ್ಲಿ ಎಕ್ಸ್ಲೆ ಲೆಕ್ಕ. ಎಕ್ಸ್ಲೆಯನ್ನು 4.1ರಿಂದ ಭಾಗಿಸಿದರೆ ಹೆಚ್ಚು ಕಡಿಮೆ ಬ್ರಿಕ್ಸ್ ಸಿಗುತ್ತದೆ. ಮೀಟರ್ 78 ತೋರಿಸಿತು. ಅಂದರೆ 19ರ ಹತ್ತಿರ.

"ಹತ್ತೊಂಬತ್ತ? ನಮ್ಮಲ್ಲಿ ಶೆಡ್ಡಿಗೆ ಹಾಕಾಕ ಇಪ್ಪತ್ತೆರಡರ ಮ್ಯಾಲ ಬೇಕು."

ಅಪ್ಪನ ಈ ಮಾತಿನಿಂದಲೇ ನನಗೆ ದಾರಿ ಸಿಕ್ಕಿತು. ಜರ್ಮನಿಯ ವೈನ್ ಕಾನೂನು ಕೊಯ್ಲಿನ ಹೊತ್ತಿಗೆ ಹಣ್ಣಿನಲ್ಲಿರುವ ಸಕ್ಕರೆ ನೋಡಿ ದರ್ಜೆ ಕೊಡುತ್ತದೆ. ಮೋಸೆಲ್‌ನ ರೀಸ್ಲಿಂಗ್‌ಗೆ ಕಾಬಿನೆಟ್ ಅನ್ನಿಸಿಕೊಳ್ಳಲು 70 ಎಕ್ಸ್ಲೆ ಸಾಕು. ಷ್ಪೇಟ್‌ಲೇಸೆಗೆ ಅದಕ್ಕಿಂತ ಹೆಚ್ಚು, ಔಸ್‌ಲೇಸೆಗೆ ಇನ್ನೂ ಹೆಚ್ಚು, ಆದರೂ 90ರ ಒಳಗೇ. ಬಳ್ಳಿಯಲ್ಲೇ ಬೂಸ್ಟು ಹತ್ತಿ ಒಣಗಿದ ಹಣ್ಣಿನಿಂದ ಮಾಡುವ ಟ್ರೋಕನ್‌ಬೇರನ್‌ಔಸ್‌ಲೇಸೆಗೆ 150. ಬರೀ ಸಕ್ಕರೆ ನೋಡಿದರೆ ನಮ್ಮ ತಿಕೋಟಾದ 22 ಬ್ರಿಕ್ಸ್ ಹಣ್ಣು 90 ಎಕ್ಸ್ಲೆ ದಾಟುತ್ತದೆ. ಔಸ್‌ಲೇಸೆಯನ್ನೂ ಮೀರಿದ ಸಿಹಿ! ಹಾಗಿದ್ದರೆ ಈ ಗುಡ್ಡದ ಹಣ್ಣಿನಲ್ಲಿ ಅಂಥದ್ದೇನಿದೆ?

ಅಪ್ಪ ಒಂದು ಹಣ್ಣು ಬಾಯಿಗೆ ಹಾಕಿಕೊಂಡರು. ಕಣ್ಣು ಕಿರಿದಾಯಿತು. ಇನ್ನೊಂದು ತಿಂದರು. ಬೀಜ ಉಗಿದು ಅಂಗೈಯಲ್ಲಿ ನೋಡಿದರು. ಕಂದು ಬಣ್ಣಕ್ಕೆ ತಿರುಗಿತ್ತು.

"ಹುಳಿ ಭಾಳ ಐತಿ. ಆದ್ರ ಕಾಯಿ ಹುಳಿ ಅಲ್ಲ ಇದು. ಹಣ್ಣಾಗೇತಿ, ಹುಳಿ ಹೋಗಿಲ್ಲ."

ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಹುಳಿ ಇರುತ್ತವೆ, ಟಾರ್ಟಾರಿಕ್ ಮತ್ತು ಮ್ಯಾಲಿಕ್. ಮ್ಯಾಲಿಕ್ ಅನ್ನು ಹಣ್ಣು ತಾನೇ ಉಸಿರಾಡಿ ಖರ್ಚು ಮಾಡುತ್ತದೆ. ಬಿಸಿ ಹೆಚ್ಚಾದಷ್ಟೂ ಬೇಗ. ನಮ್ಮಲ್ಲಿ ಫೆಬ್ರವರಿ, ಮಾರ್ಚ್ ಬಿಸಿಲಿಗೆ ಸಕ್ಕರೆ ಏರುತ್ತದೆ, ಹುಳಿ ಕರಗಿಹೋಗುತ್ತದೆ. ಒಣದ್ರಾಕ್ಷಿಗೆ ಬೇಕಾದ್ದೂ ಅದೇ. ಮೋಸೆಲ್‌ನಲ್ಲಿ ಸೆಪ್ಟೆಂಬರ್ ರಾತ್ರಿಗಳು ತಣ್ಣಗಿರುತ್ತವೆ. ಸಕ್ಕರೆ ನಿಧಾನವಾಗಿ ಬರುತ್ತದೆ, ಪರಿಮಳ ಕೂಡುತ್ತದೆ, ಹುಳಿ ಉಳಿಯುತ್ತದೆ. ನಂದಿ ಬೆಟ್ಟದ ಬುಡದಲ್ಲಿ ವೈನ್ ದ್ರಾಕ್ಷಿ ಬೆಳೆಯುವವರಿಗೂ ಆ ಎತ್ತರದ ತಂಪು ರಾತ್ರಿಗಳು ಬೇಕಾಗುವುದು ಇದಕ್ಕೇ.

ರುಚಿ ನೋಡಲು ನೆಲಮಾಳಿಗೆಗೆ ಇಳಿದೆವು. ಸಾವಿರ ಲೀಟರಿನ ಹಳೆಯ ಮರದ ಪೀಪಾಯಿಗಳು ಸಾಲಾಗಿದ್ದವು. ಅಪ್ಪನ ಎದುರು ಗ್ಲಾಸ್ ಹಿಡಿಯಲು ನನಗೆ ಮುಜುಗರ. ಅವರಿಗೆ ಅದು ತಿಳಿಯಿತು. "ಬಂದಿದ್ದ ಇದಕ್ಕ ಅಲ್ಲೇನು, ರುಚಿ ನೋಡು. ನಾ ವಾಸನಿ ನೋಡ್ತೀನಿ" ಅಂದರು. ಅವರಿಗೆ ಯಜಮಾನಿ ಅದೇ ತೋಟದ ದ್ರಾಕ್ಷಿ ರಸ ಕೊಟ್ಟರು. ನಾನು ಗಾಡಿ ಓಡಿಸಬೇಕಿತ್ತು, ಹಾಗಾಗಿ ಬಾಯಲ್ಲಿ ಆಡಿಸಿ ಉಗಿಯುತ್ತಿದ್ದೆ.

ಮೊದಲು ಟ್ರೋಕನ್, ಅಂದರೆ ಸಿಹಿ ಇಲ್ಲದ್ದು. ಮೊದಲ ಗುಟುಕಿಗೇ ದವಡೆಯ ಹಿಂದೆ ನೀರೂರಿತು. ಯಜಮಾನಿ ಅದನ್ನೇ ಗಮನಿಸಲು ಹೇಳಿದರು. ನಾಲಿಗೆ ಮೋಸ ಹೋಗಬಹುದು, ಸಿಹಿ ಹುಳಿಯನ್ನು ಮುಚ್ಚಿಬಿಡುತ್ತದೆ. ಆದರೆ ಬಾಯಲ್ಲಿ ಊರುವ ನೀರು ಸುಳ್ಳು ಹೇಳುವುದಿಲ್ಲ. ಎಷ್ಟು ಊರುತ್ತದೆ, ಎಷ್ಟು ಹೊತ್ತು ಊರುತ್ತದೆ ಅಂತ ನೋಡಿದರೆ ಹುಳಿಯ ಅಂದಾಜು ಸಿಗುತ್ತದೆ. ಅವತ್ತಿಂದ ನಾನು ಯಾವ ವೈನ್ ಕೈಗೆ ಬಂದರೂ ಹೀಗೇ ಶುರು ಮಾಡುತ್ತೇನೆ.

ಆಮೇಲೆ ಕಾಬಿನೆಟ್. ಇದು ನನಗೆ ಇಡೀ ಮೋಸೆಲ್‌ನಲ್ಲಿ ತುಂಬ ಇಷ್ಟವಾದದ್ದು. ಆಲ್ಕೋಹಾಲ್ ಬರೀ 8 ಪರ್ಸೆಂಟ್. ಸಕ್ಕರೆ ಪೂರ್ತಿ ಹುದುಗುವ ಮೊದಲೇ ತಣ್ಣಗೆ ಮಾಡಿ ಹುದುಗುವಿಕೆ ನಿಲ್ಲಿಸುತ್ತಾರೆ. ಹಾಗಾಗಿ ಲೀಟರಿಗೆ 40 ಗ್ರಾಂ ಆಸುಪಾಸು ಸಕ್ಕರೆ ಉಳಿದಿರುವುದು ಸಾಮಾನ್ಯ. ಕೇಳಿದರೆ ಪಾನಕದ ಥರ ಅನ್ನಿಸಬಹುದು. ಬಾಯಲ್ಲಿ ಹಾಗಿಲ್ಲ. ಹಸಿರು ಸೇಬಿನ ಪರಿಮಳ, ನಿಂಬೆ ಸಿಪ್ಪೆ, ಮಳೆ ಬಿದ್ದ ಕಲ್ಲಿನ ವಾಸನೆ, ಕೊನೆಗೆ ಬಾಯಿ ಸ್ವಚ್ಛ. ಲಿಂಬು ಶರಬತ್ತಿನಲ್ಲಿ ಲಿಂಬು ತೆಗೆದರೆ ಉಳಿಯುವುದು ಸಕ್ಕರೆ ನೀರು. ಇಲ್ಲೂ ಹಾಗೆಯೇ, ಆ ಹುಳಿ ಇಲ್ಲದಿದ್ದರೆ ಎರಡನೇ ಗುಟುಕು ಬೇಡವಾಗುತ್ತದೆ. ಅಪ್ಪ ತಮ್ಮ ರಸದ ಗ್ಲಾಸ್ ತೋರಿಸಿ "ಇದೂ ಹಂಗ ಐತಿ" ಅಂದರು. ಅವರು ಬಳ್ಳಿಯ ಕೆಳಗೆ ಹೇಳಿದ್ದೇ ನನ್ನ ಗ್ಲಾಸಿನಲ್ಲೂ ಇತ್ತು. ಹಣ್ಣಾಗಿದೆ, ಹುಳಿ ಹೋಗಿಲ್ಲ.

ಷ್ಪೇಟ್‌ಲೇಸೆಯಲ್ಲಿ ಪೀಚ್ ಹಣ್ಣು ಬಂತು. ಔಸ್‌ಲೇಸೆಯಲ್ಲಿ ಜೇನು. ಚೆನ್ನಾಗಿದ್ದವು, ಆದರೆ ಅವನ್ನು ಮೆಚ್ಚಲು ಹೆಚ್ಚು ಕಷ್ಟಪಡಬೇಕಿಲ್ಲ.

ಕೊನೆಗೆ ಯಜಮಾನಿ ಧೂಳು ಹಿಡಿದ ಒಂದು ಹಳೆಯ ಬಾಟಲಿ ತೆರೆದರು. ಬಣ್ಣ ಚಿನ್ನದ ಕಡೆಗೆ ತಿರುಗಿತ್ತು. ಅಪ್ಪ ಮೂಗು ಹತ್ತಿರ ತಂದು ತಟ್ಟನೆ ತಲೆ ಎತ್ತಿದರು. "ಚಿಮಣಿ ಎಣ್ಣಿ ವಾಸನಿ!" ನಾನು ಸಂಕೋಚದಿಂದಲೇ ಅನುವಾದ ಮಾಡಿದೆ. ಯಜಮಾನಿಗೆ ಬಹಳ ಖುಷಿಯಾಯಿತು. ಹಳೆಯ ರೀಸ್ಲಿಂಗ್‌ನ ಗುರುತೇ ಅದು. ಹಣ್ಣಿನಲ್ಲಿರುವ ಕ್ಯಾರೊಟಿನಾಯ್ಡ್‌ಗಳು ಒಡೆದು, ವರ್ಷಗಳು ಕಳೆದಂತೆ ಟಿಡಿಎನ್ ಅನ್ನುವ ವಸ್ತು ಆಗುತ್ತದೆ. ವಾಸನೆ ಅದರದ್ದು. ಗೊನೆಗೆ ಬಿಸಿಲು ಜಾಸ್ತಿ ಬಿದ್ದರೆ ಇದೂ ಜಾಸ್ತಿ. ಆ ವಾಸನೆಯ ಹಿಂದೆ ಒಣ ಏಪ್ರಿಕಾಟ್, ಮೇಣ, ಮತ್ತೆ ಅದೇ ಹುಳಿ. ಅಷ್ಟು ವರ್ಷವಾದರೂ ವೈನ್ ಕೆಡದೆ ನಿಂತಿದ್ದರಲ್ಲಿ ಆ ಹುಳಿಯ ಪಾಲು ದೊಡ್ಡದು.

ಬಿಸಿಲಿನ ಮಾತು ಬಂದಾಗ ಯಜಮಾನಿಯ ದನಿ ಬದಲಾಯಿತು. ಅವರ ತಂದೆಯ ಕಾಲದಲ್ಲಿ ಹಣ್ಣು ಮಾಗುತ್ತದೋ ಇಲ್ಲವೋ ಅನ್ನೋದೇ ಚಿಂತೆಯಾಗಿತ್ತಂತೆ. ಈಗ ಹುಳಿ ಉಳಿಯುತ್ತದೋ ಇಲ್ಲವೋ ಅನ್ನುವ ಚಿಂತೆ. ಕೊಯ್ಲು ವಾರಗಟ್ಟಲೆ ಮುಂದೆ ಬಂದಿದೆ. ಹಗುರವಾದ ಕಾಬಿನೆಟ್‌ಗೆ ಬೇಕಾದ ಕಡಿಮೆ ಸಕ್ಕರೆಯ ಹಣ್ಣು ಸಿಗುವುದೇ ಕಷ್ಟವಾಗುತ್ತಿದೆ. ಐಸ್‌ವೈನ್ ಮಾಡಲು ಬಳ್ಳಿಯಲ್ಲೇ ಹಣ್ಣು ಹೆಪ್ಪುಗಟ್ಟಬೇಕು, ಮೈನಸ್ 7 ಡಿಗ್ರಿ ಬೇಕು. 2019ರ ಬೆಳೆಯಲ್ಲಿ ಇಡೀ ಜರ್ಮನಿಯಲ್ಲಿ ಎಲ್ಲೂ ಐಸ್‌ವೈನ್ ಆಗಲಿಲ್ಲ. ಅದೇ ವರ್ಷದ ಜುಲೈನಲ್ಲಿ ದೇಶದಲ್ಲಿ ತಾಪಮಾನ 40 ದಾಟಿ, ರೀಸ್ಲಿಂಗ್ ಗೊನೆಗಳು ಬಳ್ಳಿಯಲ್ಲೇ ಸುಟ್ಟಿದ್ದವು. ಮೊದಲೆಲ್ಲ ಹಣ್ಣಿಗೆ ಬಿಸಿಲು ತಾಗಲಿ ಅಂತ ಗೊನೆಯ ಸುತ್ತಲಿನ ಎಲೆ ಕೀಳುತ್ತಿದ್ದರು. ಈಗ ಎಷ್ಟು ಕೀಳಬೇಕು, ಎಷ್ಟು ಬಿಡಬೇಕು ಅನ್ನೋದೇ ಗೊಂದಲ.

ನಾನು ಇದನ್ನು ಹೇಳಿ ಮುಗಿಸುವ ಮೊದಲೇ ಅಪ್ಪ ಎದ್ದರು. "ಹೊರಗ ಬರ್ರಿ, ತೋರಿಸ್ತೀನಿ" ಅಂತ ಯಜಮಾನಿಗೆ ಕನ್ನಡದಲ್ಲೇ ಹೇಳಿ ಮೆಟ್ಟಿಲು ಹತ್ತಿದರು. ಮನೆಯ ಹಿಂದಿನ ಬಳ್ಳಿಯ ಹತ್ತಿರ ನಿಂತು, ಪಡುವಣ ಯಾವ ಕಡೆ ಅಂತ ಕೇಳಿಕೊಂಡರು. ಆ ಕಡೆಯ ಎಲೆಗಳನ್ನು ಕೈಯಿಂದ ಗೊನೆಯ ಮೇಲೆ ತಂದರು. ಮೂಡಣ ಕಡೆಯ ಒಂದೆರಡು ಎಲೆ ಸರಿಸಿದರು.

"ಮುಂಜಾನಿ ಬಿಸಲಿಗೆ ಏನೂ ಆಗೂದಿಲ್ಲ. ಮಧ್ಯಾಹ್ನದ ಮ್ಯಾಲಿನ ಬಿಸಲ ಕೆಟ್ಟದ್ದು. ಈ ಕಡೆ ಎಲಿ ಬಿಡ್ರಿ, ಆ ಕಡೆ ತಗೀರಿ. ಪೂರಾ ಮುಚ್ಚಿದ್ರ ಗಾಳಿ ಆಡೂದಿಲ್ಲ, ಡೌನಿ ಬರ್ತದ."

ಯಜಮಾನಿ ಎರಡೂ ಕಡೆ ಬಗ್ಗಿ ನೋಡಿದರು. 42 ಡಿಗ್ರಿ ಬಿಸಿಲಿದ್ದಾಗ ಒಂದು ಪದರ ಎಲೆ ಸಾಕಾಗುತ್ತದಾ ಅಂತ ಕೇಳಿದರು. ನಾನು ಅನುವಾದ ಮಾಡಿದೆ. ಅಪ್ಪ ತಲೆ ಅಲ್ಲಾಡಿಸಿ ಇನ್ನೊಂದು ಕಡ್ಡಿ ಎಳೆದು ತೋರಿಸಲು ಶುರು ಮಾಡಿದರು. ಬಾಟಲಿಗಳ ಲೆಕ್ಕ ಮಾಡಿ ದುಡ್ಡು ಕೊಡಲು ನಾನು ಇನ್ನೊಂದು ಗಂಟೆ ಕಾಯಬೇಕಾಯಿತು.