ದರೋಜಿಯ ಕರಡಿ, ಬಿಸಿಲಿನ ಪರದೆ

ಹವಾಮಾನ ಬದಲಾವಣೆಯ ಕುರಿತು ಚಿತ್ರ ಮಾಡಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ ಅದಕ್ಕೆ ಮುಖವಿಲ್ಲ. ಕಾಡ್ಗಿಚ್ಚನ್ನು ಬರೆಯಬಹುದು, ನೆರೆಯನ್ನು ಬರೆಯಬಹುದು. 1850–1900ರ ಸರಾಸರಿಗಿಂತ 2011–2020ರ ದಶಕದಲ್ಲಿ ಭೂಮಿಯ ಮೇಲ್ಮೈ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿತ್ತೆಂಬುದನ್ನು ಬರೆಯುವುದು ಹೇಗೆ? ಅದೂ ನಮ್ಮ ಬಳ್ಳಾರಿಯಲ್ಲಿ. “ನಮ್ಮ ಕಡೆ ಇರೋದು ಎರಡ ಕಾಲ ರೀ, ಬ್ಯಾಸಗಿ ಮತ್ತ ಕಡುಬ್ಯಾಸಗಿ” ಎಂದು ನಗುವವರ ಮುಂದೆ ಒಂದು ಡಿಗ್ರಿಯ ಮಾತಿಗೆ ತೂಕ ಬರುವುದಿಲ್ಲ.

ಸಂಡೂರಿನ ನಾವು ಕೆಲವು ಗೆಳೆಯರು ಸೇರಿ ಮಾಡುತ್ತಿರುವ ನಾಲ್ಕು ನಿಮಿಷದ ಆನಿಮೇಷನ್ ಚಿತ್ರಕ್ಕೆ ದರೋಜಿಯ ಕರಡಿಯನ್ನು ಆರಿಸಿಕೊಂಡದ್ದು ಈ ಕಾರಣಕ್ಕೇ. ಬಂಡೆಗಳ ಸಂದಿಯಲ್ಲಿ ಹಗಲನ್ನು ಕಳೆದು, ಬಿಸಿಲು ಇಳಿದ ಮೇಲೆ ಮೇವಿಗೆ ಹೊರಡುವ ಈ ಪ್ರಾಣಿಯ ದಿನಚರಿಯಲ್ಲಿಯೇ ಬಿಸಿಲಿನ ಲೆಕ್ಕವಿದೆ. ಕರಡಿ ಎಷ್ಟು ಹೊತ್ತಿಗೆ ಹೊರಬಿತ್ತು, ಎಷ್ಟು ದೂರ ನಡೆಯಿತು, ಏನು ಸಿಕ್ಕಿತು ಎಂಬ ಮೂರು ಸಂಗತಿಗಳನ್ನು ತೋರಿಸಿದರೆ ಡಿಗ್ರಿಯ ಮಾತೆತ್ತುವ ಅಗತ್ಯವೇ ಬೀಳದು ಎಂಬುದು ನಮ್ಮ ನಂಬಿಕೆ.

ದರೋಜಿ ಕರಡಿಧಾಮ 1994ರಲ್ಲಿ ಬಿಳಿಕಲ್ಲು ಅರಣ್ಯದಲ್ಲಿ ಆರಂಭವಾಗಿ, ಆಮೇಲೆ ವಿಸ್ತಾರಗೊಂಡು, ಇಂದು ಸುಮಾರು 82 ಚದರ ಕಿಲೋಮೀಟರ್‌ಗಳಷ್ಟಿದೆ. ಪ್ರವಾಸಿಗರು ವೀಕ್ಷಣಾ ಗೋಪುರದಿಂದ ನೋಡುವುದು, ಅರಣ್ಯ ಸಿಬ್ಬಂದಿ ಬಂಡೆಗೆ ಬಳಿದ ಬೆಲ್ಲದ ಪಾಕವನ್ನು ನೆಕ್ಕಲು ಇಳಿದು ಬರುವ ಕರಡಿಗಳನ್ನು. ಎಲ್ಲರಿಗೂ ಪರಿಚಿತವಾದ ಆ ದೃಶ್ಯವನ್ನು ನಾವು ಬೇಕೆಂದೇ ಬಿಟ್ಟೆವು. ಮಳೆ ಬರಲಿ ಬಿಡಲಿ, ಬೆಲ್ಲ ಬರುತ್ತದೆ. ನಮ್ಮ ಕಥೆಗೆ ಬೇಕಾದದ್ದು ಮಳೆಯನ್ನೇ ನಂಬಿದ ಕವಳೆ, ಜಾನೆ, ಉಲುಪಿ, ನೇರಳೆ ಹಣ್ಣುಗಳು ಮತ್ತು ಗೆದ್ದಲು.

ಗೆದ್ದಲು ತಿನ್ನುವ ಕರಡಿಯನ್ನು ಗಮನಿಸಿದರೆ ಆನಿಮೇಷನ್ ಮಾಡುವವರ ಕೈ ಸುಮ್ಮನಿರದು. ಅದರ ಮೇಲ್ದವಡೆಯಲ್ಲಿ ಮುಂದಿನ ಎರಡು ಹಲ್ಲುಗಳಿಲ್ಲ. ಉದ್ದುದ್ದ ಉಗುರುಗಳಿಂದ ಹುತ್ತವನ್ನು ಕೆದರಿ, ಮಣ್ಣನ್ನು ಊದಿ ಹಾರಿಸಿ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ತುಟಿಗಳನ್ನು ಕೊಳವೆಯಂತೆ ಮುಂದೆ ಚಾಚಿ, ಆ ಹಲ್ಲಿಲ್ಲದ ಸಂದಿಯ ಮೂಲಕ ಗೆದ್ದಲುಗಳನ್ನು ಹೀರುತ್ತದೆ. ಆ ಸದ್ದು ಬಹುದೂರ ಕೇಳಿಸುತ್ತದೆ. ಮಳೆ ಬಿದ್ದ ಮಣ್ಣಿನಲ್ಲಿ ಸಲೀಸಾದ ಈ ಕೆಲಸ, ನೆಲ ಒಣಗಿ ಗಟ್ಟಿಯಾದಾಗ ಬಲು ಕಷ್ಟದ್ದಾಗುತ್ತದೆ. ಚಿತ್ರದಲ್ಲಿ ಅದೇ ಕರಡಿ ಅದೇ ಹುತ್ತವನ್ನು ಎರಡು ಸಲ ಕೆದರುತ್ತದೆ. ಎರಡನೆಯ ಸಲ ಉಗುರಿನ ಸದ್ದು ಬೇರೆ.

ತಂತ್ರವನ್ನು ತೊಗಲು ಗೊಂಬೆಯಾಟದಿಂದ ಪಡೆದೆವು. ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆಯ ಹೆಸರು ಮತ್ತೆ ಎಲ್ಲರ ಬಾಯಲ್ಲಿ ಬಂತು. ನಮ್ಮ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಅದರಲ್ಲಿ ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಆಡಿಸಿದ್ದರು. ರಾಮಾಯಣದಿಂದ ಗಾಂಧಿಯವರೆಗೆ ಬಂದ ಪರದೆಗೆ ಕರಡಿ ಭಾರವಾಗಲಾರದು. ನಮ್ಮ ಗೊಂಬೆ ತೊಗಲಿನದಲ್ಲ, ದಪ್ಪ ಕಾಗದದ್ದು: ಭುಜ, ಮೊಣಕಾಲು, ದವಡೆಗಳನ್ನು ಬೇರೆ ಬೇರೆ ಕತ್ತರಿಸಿ, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಜೋಡಿಸಿ ಆಡಿಸುತ್ತೇವೆ. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಎರಡಕ್ಕೊಂದರಂತೆ ಕೈಯಿಂದ ಬರೆದರೂ ನಿಮಿಷಕ್ಕೆ 720 ಚಿತ್ರಗಳು ಬೇಕು. ಉದ್ಯೋಗ ಮುಗಿಸಿ ರಾತ್ರಿ ಕೂರುವವರಿಗೆ ಅದು ಆಗುವ ಮಾತಲ್ಲ. ಒಂದೇ ಕಡೆ ಕೈಚಿತ್ರಕ್ಕೆ ಮರಳಿದ್ದೇವೆ. ತಾಯಿಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ನಡೆಯುವಾಗ ಅವು ಹಿಡಿದುಕೊಳ್ಳುವುದು ಅವಳ ಉದ್ದ ಕೂದಲನ್ನು. ಕಾಗದದ ಗೊಂಬೆಯಲ್ಲಿ ಆ ಕೂದಲು ಮರದಂತೆ ಸೆಟೆದು ನಿಲ್ಲುತ್ತದೆ.

ಕರಡಿ ಉದ್ದಕ್ಕೂ ಅದೇ ಕಪ್ಪು. ಬದಲಾಗುವುದು ಹಿಂದಿನ ಪರದೆಯ ಬೆಳಕು ಮಾತ್ರ. ಬಿಸಿಲೇರಿದ್ದನ್ನು ಕೆಂಪಿನಿಂದ ತೋರಿಸುವುದು ಎಲ್ಲೆಡೆಯ ರೂಢಿಯಾದರೂ, ಸಂಡೂರಿನವರ ಕಣ್ಣಿಗೆ ಕೆಂಪೆಂದರೆ ಅದಿರಿನ ದೂಳು. ಆದ್ದರಿಂದ ನಮ್ಮ ಪರದೆ ಜೇನುಬಣ್ಣದಿಂದ ಬಿಳಿಚಿಕೊಳ್ಳುತ್ತ ಹೋಗುತ್ತದೆ, ಕಣ್ಣು ಕಿರಿದು ಮಾಡಿ ನೋಡಬೇಕಾದಷ್ಟು.

ಗಣಿಯನ್ನೂ ಸೇರಿಸಿ, 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದ ತುಂಗಭದ್ರಾ ಜಲಾಶಯದ 19ನೇ ಗೇಟನ್ನೂ ಸೇರಿಸಿ ಎಂದವರಿದ್ದಾರೆ. ನಾನು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಬೇಕಾಗಿ ಬಂದ ಗಣಿಗಾರಿಕೆಯ ಗಾಯಕ್ಕೆ ಹವಾಮಾನವನ್ನು ಹೊಣೆ ಮಾಡಿದರೆ, ಗುಡ್ಡ ಅಗೆದ ಕೈಗಳು ತಪ್ಪಿಸಿಕೊಳ್ಳುತ್ತವೆ. ಬರವೂ ಅಷ್ಟೇ: 1876–78ರ ಕ್ಷಾಮವನ್ನು ಕಂಡ ಸೀಮೆಯಲ್ಲಿ ಯಾವುದೋ ಒಂದು ಬರಗಾಲವನ್ನು ಬೆರಳಿಟ್ಟು ತೋರಿಸಿ ‘ಇದೇ ಹವಾಮಾನ ಬದಲಾವಣೆ’ ಎನ್ನುವುದು ಪ್ರಾಮಾಣಿಕವಲ್ಲ. ಚಿತ್ರದಲ್ಲಿ ಇಸವಿಯೇ ಇಲ್ಲ.

ಕರಡಿ ಅಳುವುದಿಲ್ಲ, ಮನುಷ್ಯರಂತೆ ಮಾತನಾಡುವುದೂ ಇಲ್ಲ. ನೆಲ ಒಣಗಿದ ಆ ಎರಡನೆಯ ಸಲ ಅದರ ನಡಿಗೆ ಮೆಕ್ಕೆಜೋಳದ ಹೊಲಕ್ಕೆ ಬಂದು ಮುಟ್ಟುತ್ತದೆ. ಅಲ್ಲಿ ಬ್ಯಾಟರಿ ಹಿಡಿದು ಬೆಳೆ ಕಾಯುತ್ತಿರುವ ರೈತನನ್ನು ಖಳನನ್ನಾಗಿ ಮಾಡುವುದು ಸುಲಭವಿತ್ತು. ಆದರೆ ಅವನು ಕಾದಿದ್ದೂ ಅದೇ ಮಳೆಗೆ. ಇಬ್ಬರನ್ನೂ ಒಂದೇ ಅಳತೆಯ ಗೊಂಬೆಗಳನ್ನಾಗಿ ಕತ್ತರಿಸಿದ್ದೇವೆ.

ಚಿತ್ರೋತ್ಸವಗಳಿಗೆ ಕಳುಹಿಸುವ ಮೊದಲು ಇದನ್ನು ಕರಡಿಧಾಮದ ಅಂಚಿನ ಹಳ್ಳಿಗಳಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಲಿದ್ದೇವೆ. ಕರಡಿಯ ನಡಿಗೆ, ಅದು ಹೊಲಕ್ಕೆ ನುಗ್ಗುವ ಹೊತ್ತು, ಹೀರುವ ಸದ್ದು ಸರಿಯಿವೆಯೇ ಎಂದು ಹೇಳಬಲ್ಲವರು ಬೆಳೆ ಕಳೆದುಕೊಂಡ ಅಲ್ಲಿನವರೇ. ಅವರು ತಿದ್ದಲೆಂದು ಧ್ವನಿಯ ಕೆಲಸವನ್ನು ಪೂರ್ತಿ ಮುಗಿಸದೆ ಇಟ್ಟುಕೊಂಡಿದ್ದೇವೆ.