ಟೀಚರ್ ಅಕ್ಕನ ತಾಟು

ಡಿಸೆಂಬರ್ 29, 2024ರ ರಾತ್ರಿ ಹನ್ನೊಂದು ಗಂಟೆ. ಬೀದರಿನ ಹಳೇ ಊರಲ್ಲಿ, ಮಂಗಲಪೇಟೆಗೆ ಹೊಂದಿಕೊಂಡ ನಮ್ಮ ಗಲ್ಲಿಯಲ್ಲಿ ಎಂಟು ಹೆಂಗಸರು ಗೋಣಿಚೀಲ ಹಾಸಿಕೊಂಡು ಕಾಯಿ ಸುಲಿಯುತ್ತಿದ್ದೆವು. ಬೀದಿದೀಪ ಕೆಟ್ಟು ವಾರವಾಗಿತ್ತು. ಬೆಳಕು ಅಂತ ಇದ್ದದ್ದು ಟೀಚರ್ ಅಕ್ಕನ ಮನೆ ಮುಂದೆ ತೂಗುತ್ತಿದ್ದ ಕ್ರಿಸ್‌ಮಸ್ ನಕ್ಷತ್ರ ಒಂದೇ. ಕೆಂಪು ಕಾಗದದ್ದು, ಒಳಗೊಂದು ಬಲ್ಬು. ಆ ಬೆಳಕಿಗೆ ಹಸಿ ತೊಗರಿಯೂ ಕೆಂಪು, ಅವರೆಯೂ ಕೆಂಪು, ವಟಾಣಿಯೂ ಕೆಂಪು. ಹುಳ ಬಿದ್ದ ಕಾಳು ಯಾವುದು, ಒಳ್ಳೇದು ಯಾವುದು ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಒಂದೊಂದು ಕಾಳನ್ನೂ ಬೆರಳಲ್ಲಿ ಒತ್ತಿ ನೋಡಿ ಬುಟ್ಟಿಗೆ ಹಾಕುತ್ತಿದ್ದೆವು.

ಮರುದಿನ ಎಳ್ಳ ಅಮಾವಾಸ್ಯೆ.

ನಮ್ಮ ಕಡೆ, ಬೀದರ್ ಕಲಬುರಗಿ ಸೀಮೆಯಲ್ಲಿ, ಗಡಿ ದಾಟಿದರೆ ಲಾತೂರಿನಲ್ಲೂ, ಹೊಲ ಇದ್ದವರಿಗೆ ಇದು ದೀಪಾವಳಿಗಿಂತ ದೊಡ್ಡ ಹಬ್ಬ. ಮಾರ್ಗಶಿರ ಮಾಸದ ಅಮಾವಾಸ್ಯೆ. ಆ ಹೊತ್ತಿಗೆ ಹಿಂಗಾರಿ ಜೋಳ ತೆನೆ ಹಿಡಿಯುತ್ತಿರುತ್ತದೆ, ಕಡಲೆ ಕಾಯಿ ಕಟ್ಟುತ್ತದೆ, ತೊಗರಿ ಒಣಗುತ್ತಾ ಬಂದಿರುತ್ತದೆ. ಬಸುರಿ ಮಗಳಿಗೆ ಸೀಮಂತ ಮಾಡಿದ ಹಾಗೆ ಭೂಮಿತಾಯಿಗೆ ಉಣಿಸುವ ದಿನ. ಸಿಟಿಯಲ್ಲಿ ಇರುವವರೂ ಅವತ್ತು ಹೊಲಕ್ಕೆ ಹೋಗಲೇಬೇಕು. ಸ್ವಂತ ಹೊಲ ಇಲ್ಲದಿದ್ದರೆ ಯಾರಾದರೂ ಕರೆಯುತ್ತಾರೆ.

ಆ ಹಬ್ಬದ ಜೀವ ಅಂದರೆ ಭಜ್ಜಿ. ಬೆಂಗಳೂರಿನವರು ಭಜ್ಜಿ ಅಂದ ಕೂಡಲೇ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ನೆನೆಯುತ್ತಾರೆ. ಅದಲ್ಲ. ಆ ಕಾಲಕ್ಕೆ ಸಿಗುವ ಎಲ್ಲ ಹಸಿ ಕಾಳು, ಬದನೆಕಾಯಿ, ಗಜ್ಜರಿ, ಮೆಂತ್ಯೆ, ಪಾಲಕ್, ಉಳ್ಳಾಗಡ್ಡಿ ಸೊಪ್ಪು, ಹಸಿ ಮೆಣಸಿನಕಾಯಿ ಒಟ್ಟಿಗೆ ಬೇಯಿಸಿ, ಹುಣಸೆ ಹುಳಿ ಹಿಂಡಿ, ಕೊನೆಗೆ ಕಡಲೆ ಹಿಟ್ಟು ಬಿಟ್ಟು ಗಟ್ಟಿ ಮಾಡುವ ಪಲ್ಯ ಇದು. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಹಿಂದಿನ ದಿನವೇ ಮಾಡಿ ಮಣ್ಣಿನ ಗಡಿಗೆಯಲ್ಲಿಟ್ಟ ಅಂಬಲಿ. ಸ್ವಲ್ಪ ಭಜ್ಜಿ ಅಂತ ಯಾರೂ ಮಾಡುವುದಿಲ್ಲ. ಮಾಡಿದರೆ ಗಲ್ಲಿಗೆಲ್ಲ ಆಗುವಷ್ಟು.

ಈಗ ತಾಟಿನ ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷ ಡಿಸೆಂಬರ್ 25ಕ್ಕೆ ಎದುರು ಮನೆಯ ಟೀಚರ್ ಅಕ್ಕ ನಮಗೆ ತಾಟು ಕಳಿಸುತ್ತಾರೆ. ಅವರು ಮಂಗಲಪೇಟೆಯ ಮೆಥಡಿಸ್ಟ್ ಚರ್ಚಿಗೆ ಹೋಗುವವರು. ಬೀದರಿಗೆ ಮೆಥಡಿಸ್ಟ್ ಮಿಷನ್ ಬಂದು ನೂರು ವರ್ಷದ ಮೇಲಾಯಿತು. ಹೀಗಾಗಿ ಕ್ರಿಸ್‌ಮಸ್ ಇಲ್ಲಿ ಹೊಸ ಹಬ್ಬವೇನಲ್ಲ. ಹಿಂದಿನ ರಾತ್ರಿಗಳಲ್ಲಿ ಢೋಲಕ್ ಹಿಡಿದು ಕನ್ನಡದಲ್ಲಿ ಹಾಡುತ್ತಾ ಮನೆ ಮನೆಗೆ ಬರುತ್ತಾರೆ. ನಮ್ಮ ಮನೆ ಮುಂದೆಯೂ ನಿಂತು ಹಾಡುತ್ತಾರೆ, ಅವ್ವ ಚಹಾ ಮಾಡಿಕೊಡುತ್ತಾಳೆ. ಹಬ್ಬದ ದಿನ ಮಧ್ಯಾಹ್ನ ತಾಟು. ಅದರಲ್ಲಿ ಕೇಕ್ ಎರಡೇ ತುಂಡು. ಉಳಿದದ್ದೆಲ್ಲ ಕರ್ಚಿಕಾಯಿ, ಚಕ್ಕುಲಿ, ಶಂಕರಪಾಳಿ.

ಖಾಲಿ ತಾಟು ವಾಪಸ್ ಕೊಡಬಾರದು, ಅಲ್ವಾ? ಹಾಗಾಗಿ ಆ ತಾಟು ಎಳ್ಳ ಅಮಾವಾಸ್ಯೆವರೆಗೆ ನಮ್ಮ ಮನೆಯಲ್ಲೇ ಇರುತ್ತದೆ. ಭಜ್ಜಿ ತುಂಬಿಕೊಂಡು ವಾಪಸ್ ಹೋಗುತ್ತದೆ. ಎರಡು ಹಬ್ಬದ ನಡುವೆ ಕೆಲವು ವರ್ಷ ನಾಲ್ಕು ದಿನ, ಕೆಲವು ವರ್ಷ ಹದಿನೈದು ದಿನ. 2022ರಲ್ಲಿ ಅಮಾವಾಸ್ಯೆ ಡಿಸೆಂಬರ್ 23ಕ್ಕೇ ಬಂದುಬಿಟ್ಟಿತ್ತು. ಅವತ್ತು ನಮ್ಮ ತಾಟು ಮೊದಲು ಆ ಕಡೆ ಹೋಯಿತು.

2024ರಲ್ಲಿ ಮಾತ್ರ ನನ್ನ ಮನಸ್ಸೇ ಇರಲಿಲ್ಲ. ಡಿಸೆಂಬರ್ ಮೊದಲ ವಾರ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಬಲ ಮುಂಗೈ ಮುರಿದುಕೊಂಡಿದ್ದಳು. ಮೊಣಕೈವರೆಗೆ ಪ್ಲಾಸ್ಟರ್. ಅಪ್ಪ ತೀರಿಕೊಂಡು ಮೂರು ವರ್ಷ. ತಮ್ಮ ಹೈದರಾಬಾದಿನಲ್ಲಿ, ವರ್ಷದ ಕೊನೆ ಅಂತ ರಜೆ ಸಿಕ್ಕಿರಲಿಲ್ಲ. ಔರಾದ್ ರಸ್ತೆ ಕಡೆ ಇರುವ ಎರಡು ಎಕರೆ ಪಾಲಿಗೆ ಹಾಕಿದ್ದೇವೆ. ಪಾಲಿನವರೇ ಈ ಸಲ ಚರಗ, ಅಂದರೆ ಭೂಮಿತಾಯಿಯ ಎಡೆ, ಹೊಲಕ್ಕೆ ಚೆಲ್ಲಲಿ, ನಾವು ಸುಮ್ನೆ ಮನೆಯಲ್ಲೇ ಕೈ ಮುಗಿಯೋಣ ಅಂದೆ. ಅವ್ವ ಏನೂ ಹೇಳದೆ ಗೋಡೆ ಕಡೆ ತಿರುಗಿ ಮಲಗಿದಳು.

26ರ ರಾತ್ರಿ ಮನಮೋಹನ್ ಸಿಂಗ್ ತೀರಿಕೊಂಡರು. ಮರುದಿನ ಶುಕ್ರವಾರ ಶಾಲೆ, ಕಚೇರಿ ಎಲ್ಲದಕ್ಕೂ ಸರ್ಕಾರ ರಜೆ ಕೊಟ್ಟಿತು. ಟೀಚರ್ ಅಕ್ಕ ಮನೆಯಲ್ಲೇ ಇದ್ದರು. ಇದೇ ಸಮಯ ಅಂದುಕೊಂಡು ಬೇಕರಿಯಿಂದ ಬಿಸ್ಕೀಟು ತಂದು ತಾಟಿಗೆ ಹಾಕಿ ಅವರ ಬಾಗಿಲಿಗೆ ಹೋದೆ. ಅಕ್ಕ ತಾಟು ನೋಡಿದರು. ಕೈ ಚಾಚಲಿಲ್ಲ.

"ಇದೇನಿದು?"

"ತಾಟು ಕೊಡ್ಲಾಕ ಬಂದೀನ್ರಿ ಅಕ್ಕಾ. ಈ ವರ್ಷ ನಮ್ಮಲ್ಲಿ ಹಬ್ಬ ಇಲ್ಲ."

"ಬಿಸ್ಕೀಟ್ ನಾ ಅಂಗಡ್ಯಾಗ ತಗೋತೀನಿ. ನನ್ನ ತಾಟಿನ್ಯಾಗ ಭಜ್ಜಿನೇ ಬರಬೇಕು."

"ಅವ್ವನ ಕೈ ಹಿಂಗದ. ಯಾರ್ ಮಾಡ್ತಾರ್ರಿ?"

"ಅವ್ವಾರ ಕೈ ಮುರದದ, ಬಾಯಿ ಮುರದಿಲ್ಲಲ್ಲ. ಅವರು ಹೇಳ್ಲಿ, ನಾವು ಮಾಡ್ತೀವಿ."

ತಾಟು ಹಿಡಿದುಕೊಂಡು ವಾಪಸ್ ಬಂದೆ. ಸಂಜೆಯೊಳಗೆ ಗಲ್ಲಿಗೆಲ್ಲ ಸುದ್ದಿ ಮುಟ್ಟಿತ್ತು. ಮೂಲೆ ಮನೆ ಭಾಭಿ ಒಂದು ದೊಡ್ಡ ಪಾತೇಲಿ ಹೊತ್ತುಕೊಂಡು ಬಂದು ನಮ್ಮ ಅಂಗಳದಲ್ಲಿಟ್ಟರು. ನಾವು ಕೇಳುವ ಮೊದಲೇ ಅವರೇ ಹೇಳಿದರು: "ಶಬೇ ಬರಾತಿಗೆ ಹಲ್ವಾ ಮಾಡೋ ಭಾಂಡೆ ಅದ ಇದು. ಇದ್ರಾಗ ಗೋಷ್ (ಮಾಂಸ) ಎಂದೂ ಹಾಕಿಲ್ಲ, ಅಮ್ಮಾ." ಅವ್ವ ಎಡಗೈಯಲ್ಲಿ ಆ ಪಾತೇಲಿಯ ಅಂಚು ಹಿಡಿದು ಒಳಗೆ ನೋಡಿದಳು. "ಇದು ತುಂಬಬೇಕಂದ್ರ ತೊಗರಿ ಕಾಯಿ ಜಾಸ್ತಿ ಬೇಕು" ಅಂದಳು. ಮೂರು ವಾರದಲ್ಲಿ ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು.

ಭಾನುವಾರ ಗಾಂಧಿ ಗಂಜಿಗೆ ಹೋಗಿ ಸಜ್ಜೆ, ಬೆಲ್ಲ, ಎಳ್ಳು ತಂದೆ. ಸೊಪ್ಪಿನ ಮಾರ್ಕೆಟಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹಸಿ ಕಡಲೆಗಿಡದ ಹೊರೆ ಹೊತ್ತವರು, ತೊಗರಿ ಕಾಯಿಯ ರಾಶಿ ಮುಂದೆ ಬಗ್ಗಿದವರು. ಅಲ್ಲಿಂದ ಬಂದ ಮೇಲೆ ಶುರುವಾದದ್ದೇ ಈ ಸುಲಿಯುವ ಕೆಲಸ.

ಕೈ ಕೆಲಸ ಮಾಡುವಾಗ ಬಾಯಿ ಬಿಚ್ಚುತ್ತದೆ. ಮಕ್ಕಳ ಪರೀಕ್ಷೆ, ಮೂರು ದಿನಕ್ಕೊಮ್ಮೆ ಬರುವ ನಳದ ನೀರು, ಯಾರದೋ ಮಗಳ ಮದುವೆ ಮಾತು. ನಡುವೆ ಯಾರೋ ಕೇಳಿದರು: "ಟೀಚರ್ ಬಾಯಿ, ನಿಮಗ್ಯಾಕ ಭಜ್ಜಿ ಮ್ಯಾಲ ಇಷ್ಟು ಜೀವ?"

ಅಕ್ಕ ಕಾಯಿ ಸುಲಿಯುವುದು ನಿಲ್ಲಿಸಲಿಲ್ಲ. "ನಮ್ಮಪ್ಪ ಭಾಲ್ಕಿ ಕಡೆ ಒಬ್ಬರ ಹೊಲದಾಗ ಆಳಾಗಿ ದುಡೀತಿದ್ದ" ಅಂದರು. "ಎಳ್ಳ ಅಮಾಸಿ ದಿನ ನಮಗೂ ಊಟ ಇರ್ತಿತ್ತು. ಆದ್ರ ಬದುವಿನ ಆಚಿ ಕೂಡಸ್ತಿದ್ರು. ಮ್ಯಾಲಿಂದ ಎಲಿಗಿ ಹಾಕ್ತಿದ್ರು. ನನಗ ಆರೇಳು ವರ್ಷ ಇರಬೇಕು. ಒಮ್ಮೆ ರುಚಿ ಆಗಿ ಪಾತೇಲಿ ತನಕ ಹೋಗಿ ಕೈ ಚಾಚಿದೆ. ಅಪ್ಪಗ ಬೈದ್ರು. ಅಪ್ಪ ಮನಿಗಿ ಬಂದು ನನಗ ಹೊಡದ." ಒಂದು ಕಾಳು ಒತ್ತಿ ನೋಡಿ ಬುಟ್ಟಿಗೆ ಹಾಕಿದರು. "ರುಚಿ ಮಾತ್ರ ಇನ್ನೂ ನಾಲಿಗಿ ಮ್ಯಾಲ ಅದ."

ಯಾರೂ ಮಾತಾಡಲಿಲ್ಲ. ಸಿಪ್ಪೆ ಬೀಳುವ ಸದ್ದು ಮಾತ್ರ. ಅವ್ವ ಕುರ್ಚಿ ಮೇಲೆ ಪ್ಲಾಸ್ಟರ್ ಕೈ ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ಸುಮಾರು ಹೊತ್ತಿನ ಮೇಲೆ ಹೇಳಿದಳು: "ನಾಳಿ ಭಜ್ಜಿಗಿ ಹಿಟ್ಟು ನೀನೇ ಬಿಡು, ಟೀಚರ್. ಬ್ಯಾರೆ ಯಾರೂ ಮುಟ್ಟಬ್ಯಾಡ್ರಿ."

ಇದು ಎಷ್ಟು ದೊಡ್ಡ ಮಾತು ಅಂತ ನನಗೆ ಗೊತ್ತಿತ್ತು. ಭಜ್ಜಿಗೆ ಹಿಟ್ಟು ಬಿಡುವ ಕೆಲಸವನ್ನು ಅವ್ವ ನನಗೂ ಕೊಟ್ಟವಳಲ್ಲ. ಅಲ್ಲಿ ಗಂಟು ಬಿದ್ದರೆ ಇಡೀ ಪಾತೇಲಿ ಕೆಟ್ಟಂತೆ.

ಬೆಳಗಿನ ನಾಲ್ಕಕ್ಕೆ ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದೆವು. ಬಾಯಿ ತೆರೆದರೆ ಹೊಗೆ ಬರುವಷ್ಟು ಚಳಿ. ಅವ್ವನ ಅಳತೆಯೆಲ್ಲ ಅವಳ ಕೈಯಲ್ಲಿತ್ತು. ಮುಷ್ಟಿ, ಚಿಟಿಕೆ, ಬೊಗಸೆ. ಅದನ್ನು ಬಾಯಲ್ಲಿ ಹೇಳಿ ಅವಳಿಗೆ ರೂಢಿಯಿಲ್ಲ. "ಇಷ್ಟು" ಅಂತ ಎಡಗೈ ಮುಷ್ಟಿ ತೋರಿಸುವಳು. ಅಕ್ಕ ತಮ್ಮ ಮುಷ್ಟಿ ಅದರ ಪಕ್ಕ ಹಿಡಿದು ನೋಡುವರು. ಅಕ್ಕನ ಕೈ ಸಣ್ಣದು. "ಹಂಗಾದ್ರ ನಿಂದು ಒಂದೂವರಿ" ಅನ್ನುವಳು ಅವ್ವ. ಕಾಳು ಬೆಂದು, ಸೊಪ್ಪು ಇಳಿದು, ಹುಳಿ ಬಿದ್ದ ಮೇಲೆ ಅಕ್ಕ ಕಡಲೆ ಹಿಟ್ಟು ಕಲಸಿದ ತಂಬಿಗೆ ಎತ್ತಿಕೊಂಡರು. ಒಂದು ಕೈಯಲ್ಲಿ ನೂಲಿನ ಹಾಗೆ ಬಿಡುತ್ತಾ, ಇನ್ನೊಂದು ಕೈಯಲ್ಲಿ ಕಟ್ಟಿಗೆಯ ಹುಟ್ಟು ತಿರುವುತ್ತಾ. ಬೆವರು ಮೂಗಿನ ತುದಿಗೆ ಬಂದರೂ ಒರೆಸಿಕೊಳ್ಳಲಿಲ್ಲ. ಅವ್ವ ಕೊನೆಗೆ ಒಂದು ಚಮಚ ಬಾಯಿಗೆ ಹಾಕಿಕೊಂಡಳು. "ಗಂಟಿಲ್ಲ" ಅಂದಳು. ಅಷ್ಟೇ.

ಏಳಕ್ಕೆ ಬರಬೇಕಾದ ಗಾಡಿ ಎಂಟಾದರೂ ಬರಲಿಲ್ಲ. ಮಾತಾಡಿಟ್ಟವನು ಫೋನೂ ಎತ್ತಲಿಲ್ಲ. ಅವತ್ತು ಬೀದರಿನಲ್ಲಿ ಪ್ರತಿ ಗಾಡಿಯೂ ಯಾವುದೋ ಹೊಲದ ದಾರಿಯಲ್ಲೇ ಇರುತ್ತದೆ, ಎಲ್ಲಿಂದ ಸಿಗಬೇಕು? ಭಾಭಿಯ ಮಗ ಉಳ್ಳಾಗಡ್ಡಿ ಸಾಗಿಸುವ ತನ್ನ ಆಟೊ ತೊಳೆದು, ತಾಡಪತ್ರಿ ಹಾಸಿ ತಂದು ನಿಲ್ಲಿಸಿದ. ಎರಡು ಟ್ರಿಪ್ಪಿನಲ್ಲಿ ಹನ್ನೊಂದು ಜನ, ಪಾತೇಲಿ, ಗಡಿಗೆ, ರೊಟ್ಟಿ ಬುಟ್ಟಿ ಎಲ್ಲ ಹೊಲ ಸೇರಿದವು. ಬಾಡಿಗೆ ಕೊಡಲು ಹೋದರೆ "ಆಂಟಿ, ನನಗ ಎರಡು ಕಡುಬು ಜಾಸ್ತಿ ಹಾಕ್ರಿ ಸಾಕು" ಅಂದ.

ಪಾಲಿನವರು ಜೋಳದ ದಂಟಿನಿಂದ ಗುಡಿಸಲು ಕಟ್ಟಿ, ಒಳಗೆ ಸುಣ್ಣ ಬಳಿದ ಐದು ಕಲ್ಲು ಇಟ್ಟಿದ್ದರು. ಪಂಚ ಪಾಂಡವರು. ಅವ್ವ ಎಡಗೈಯಲ್ಲೇ ಕುಂಕುಮ ಹಚ್ಚಿದಳು. ಚರಗ ಚೆಲ್ಲುವುದು ಅಪ್ಪನ ಕೆಲಸವಾಗಿತ್ತು. ಈ ಸಲ ಬುಟ್ಟಿ ನಾನು ಹಿಡಿದೆ. ಅಕ್ಕನ ಮಗ, ಹತ್ತನೇ ತರಗತಿ ಹುಡುಗ, ತಂಬಿಗೆಯಿಂದ ನೀರು ಚಿಮುಕಿಸುತ್ತಾ ಹಿಂದೆ ಬಂದ. ಜೋಳದ ಎಲೆ ಕೈಗೆ ಗೀರುತ್ತಿತ್ತು. ಹೊಲದ ನಾಲ್ಕೂ ಮೂಲೆ ಸುತ್ತಿ ಬರುವಾಗ ಅಪ್ಪ ಪ್ರತಿ ವರ್ಷ ನಿಲ್ಲುತ್ತಿದ್ದ ಬೇವಿನ ಮರದ ಹತ್ತಿರ ನಾನೂ ನಿಂತೆ. ಹುಡುಗ ಯಾಕೆ ಅಂತ ಕೇಳಲಿಲ್ಲ. ಅವನೂ ನಿಂತ.

ಊಟಕ್ಕೆ ಕಂಬಳಿ ಹಾಸಿದೆವು. ಟೀಚರ್ ಅಕ್ಕ ಬಡಿಸುತ್ತಾ ನಿಂತಿದ್ದರು, ಕೂರುತ್ತಲೇ ಇರಲಿಲ್ಲ. ಅವ್ವ ತನ್ನ ಪಕ್ಕದ ಜಾಗವನ್ನು ಎಡಗೈಯಿಂದ ತಟ್ಟಿದಳು. ಅಕ್ಕ ಕೂತರು. ಅವ್ವನಿಗೆ ಬಲಗೈ ಇಲ್ಲವಲ್ಲ, ರೊಟ್ಟಿ ಮುರಿದು ಭಜ್ಜಿ ಹಚ್ಚಿ ಅಕ್ಕನೇ ತುತ್ತು ಕೊಟ್ಟರು. ಬದು ನಮ್ಮಿಂದ ನಾಲ್ಕು ಹೆಜ್ಜೆ ದೂರ ಇತ್ತು.

ಸಂಜೆ ಮನೆಗೆ ಬಂದ ಮೇಲೆ ಆ ತಾಟು ತೊಳೆದು, ಭಜ್ಜಿ ತುಂಬಿ, ಮೇಲೆ ಎರಡು ಸಜ್ಜೆ ರೊಟ್ಟಿ ಮುಚ್ಚಿ ಎದುರು ಮನೆಗೆ ಕೊಟ್ಟು ಬಂದೆ. ಹೊಲಕ್ಕೆ ಬರಲಾಗದ ಅಕ್ಕನ ಅತ್ತೆಗೆ ಒಂದು ತಂಬಿಗೆ ಅಂಬಲಿಯನ್ನೂ ಕೊಟ್ಟೆ. ಮರುದಿನ ರಾತ್ರಿ ಅವರೆಲ್ಲ ಹೊಸ ವರ್ಷದ ಪ್ರಾರ್ಥನೆಗೆ ಚರ್ಚಿಗೆ ಹೊರಟಾಗ ಅವ್ವ ಬಾಗಿಲಲ್ಲಿ ನಿಂತು ಕೇಳಿದಳು: "ಟೀಚರ್, ನಮ್ಮ ತಂಬಿಗಿ?"

"ಖಾಲಿ ಹೆಂಗ ಕೊಡ್ಲಿ, ಅವ್ವಾರ? ಇರ್ಲಿ ತಡೀರಿ" ಅಂದು ಅಕ್ಕ ಗಲ್ಲಿ ತಿರುಗಿದರು.