ಟೇಪು ಹಿಡಿಯುವ ಮೊದಲು ಪೊದೆ ನೋಡಿ

ನಾನು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಚೆಸಾಪೀಕ್ ಕೊಲ್ಲಿಯ ದಂಡೆಯ ಮನೆಗಳಿಗೆ ತೋಟ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಗಿರಾಕಿಗಳಿಂದ ಜಾಸ್ತಿ ಕೇಳುವ ಮಾತು ಒಂದೇ: "ಆ ಪೊದೆ ಕಿತ್ತುಹಾಕಿ, ನೀರು ಕಾಣಬೇಕು." ಅವರು ಕೈ ತೋರಿಸುವುದು ಬಹುಪಾಲು ಗ್ರೌಂಡ್‌ಸೆಲ್ ಕಡೆಗೆ. ಸಸ್ಯಶಾಸ್ತ್ರದಲ್ಲಿ ಬ್ಯಾಕರಿಸ್ ಹ್ಯಾಲಿಮಿಫೋಲಿಯಾ. ಸೇವಂತಿಗೆ ಕುಟುಂಬದ್ದೇ, ಆದರೆ ಆಳೆತ್ತರ ಮೀರಿ ಬೆಳೆಯುತ್ತದೆ.

ನಮ್ಮ ಮೇಲ್ವಿಚಾರಕಿ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ, ಅಳತೆಗೆ ಮೊದಲು ಪೊದೆ ನೋಡುವುದು. ಜವುಗಿನ ಹುಲ್ಲು ಮುಗಿಯುವಲ್ಲಿ ಮಾರ್ಷ್ ಎಲ್ಡರ್ ಎಂಬ ಪೊದೆ ಸಿಗುತ್ತದೆ. ಅದರ ಎಲೆಗಳು ಜೋಡಿಜೋಡಿಯಾಗಿ ಎದುರುಬದುರು. ಸ್ವಲ್ಪ ಮೇಲೆ ಹತ್ತಿದರೆ ಗ್ರೌಂಡ್‌ಸೆಲ್. ಇದರ ಎಲೆ ಒಂದು ಈ ಕಡೆ, ಇನ್ನೊಂದು ಆ ಕಡೆ. ಬೂದು ಹಸಿರು, ಅಂಚಿಗೆ ಒರಟು ಹಲ್ಲು. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ, ಹತ್ತಿರ ಹೋಗಲೇಬೇಕು. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರ ಸುಮಾರು ಮಾರ್ಷ್ ಎಲ್ಡರ್ ಸಾಲಿನ ತನಕ ಬರುತ್ತದೆ. ಗ್ರೌಂಡ್‌ಸೆಲ್ ಬುಡ ಮುಟ್ಟುವುದು ಅಪರೂಪಕ್ಕೆ. ಹಾಗಂತ ಒಂಟಿ ಗಿಡ ನೋಡಿ ತೀರ್ಮಾನ ಮಾಡಬೇಡಿ. ಇದರ ಬೀಜ ಗಾಳಿಗೆ ಹಾರಿ ರಸ್ತೆ ಬದಿಯಲ್ಲೂ ಹುಟ್ಟುತ್ತದೆ. ಉಪ್ಪುನೀರು ಎಲ್ಲಿಯ ತನಕ ಬರುತ್ತದೆ ಅಂತ ತಿಳಿಯಲು ಸಾಲು ನೋಡಬೇಕು.

ಇದು ಯಾಕೆ ಮುಖ್ಯ ಅಂದರೆ, ನರ್ಸರಿಯ ಚೀಟಿಯಲ್ಲಿ ಸುಮ್ನೆ "ಉಪ್ಪು ತಡೆಯುತ್ತದೆ" ಅಂತ ಇರುತ್ತದೆ. ಯಾವ ಉಪ್ಪು? ಗಾಳಿಯಲ್ಲಿ ಬಂದು ಎಲೆ ಮೇಲೆ ಕೂರುವುದು ಬೇರೆ, ಬೇರಿಗೆ ತಾಗುವುದು ಬೇರೆ. ಮೊದಲನೆಯದನ್ನು ತಡೆಯುವ ಎಷ್ಟೋ ಗಿಡ ಎರಡನೆಯದಕ್ಕೆ ಸಾಯುತ್ತವೆ. ಮಣ್ಣಲ್ಲಿ ಉಪ್ಪು ಹೆಚ್ಚಾದರೆ ಬೇರು ನೀರು ಎಳೆದುಕೊಳ್ಳಲಾರದು, ಒದ್ದೆ ನೆಲದಲ್ಲೇ ಗಿಡ ಒಣಗುತ್ತದೆ. ಗಿರಾಕಿ ನೀರು ಕಡಿಮೆಯಾಯಿತು ಅಂದುಕೊಳ್ಳುತ್ತಾರೆ. ಗ್ರೌಂಡ್‌ಸೆಲ್ ಎರಡನ್ನೂ ತಾಳುತ್ತದೆ. ಅದಕ್ಕೇ ಆ ಸಾಲಿನಿಂದ ನೀರಿನ ಕಡೆಗೆ ನಾವು ದುಬಾರಿ ಗಿಡ ಹಾಕುವುದೇ ಇಲ್ಲ.

ಬಿಳಿ ಕುಚ್ಚು ನೋಡಿ ಇಷ್ಟಪಟ್ಟು ಕೇಳುವವರೂ ಇದ್ದಾರೆ. ಅದು ಹೆಣ್ಣು ಗಿಡಕ್ಕೆ ಮಾತ್ರ. ಗಂಡು ಗಿಡದ ಹೂ ಮಾಸಲು ಹಳದಿ. ಹೂ ಬಿಡುವ ತನಕ ಗೊತ್ತಾಗಲ್ಲ, ಹಾಗಾಗಿ ಖರೀದಿ ಶರತ್ಕಾಲದಲ್ಲೇ ಆಗಬೇಕು. ದಕ್ಷಿಣಕ್ಕೆ ವಲಸೆ ಹೋಗುವ ಮೊನಾರ್ಕ್ ಚಿಟ್ಟೆಗಳು ಮಕರಂದಕ್ಕೆ ಬರುವುದೂ ಆಗಲೇ. ಇದೇ ಗಿಡ ಯುರೋಪಿನಲ್ಲಿ ಹಾವಳಿ ಕಳೆ. ಯುರೋಪಿಯನ್ ಒಕ್ಕೂಟ 2016ರಲ್ಲಿ ಅದನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು. ಊರಿನ ಗಿಡ ಅನ್ನುವುದು ಊರಿಗೆ ಸೇರಿದ ಮಾತು, ಅಲ್ವಾ?

ನೀರು ಕಾಣಲೇಬೇಕು ಅಂತ ಹಟ ಹಿಡಿದವರಿಗೆ ಕೀಳುವ ಬದಲು ಚಳಿಗಾಲದ ಕೊನೆಯಲ್ಲಿ ಸವರಿಕೊಡುತ್ತೇವೆ. ಅದೇ ವರ್ಷದ ಚಿಗುರಲ್ಲಿ ಹೂ ಬರುತ್ತದೆ. ಆದರೆ ಇಲ್ಲಿ ದಂಡೆಯಿಂದ ಕನಿಷ್ಠ 100 ಅಡಿ ಸಂರಕ್ಷಿತ ಪಟ್ಟಿ. ಅನುಮತಿ ಕಾಗದ ಕೈಗೆ ಬರುವ ತನಕ ಕತ್ತರಿ ಗಾಡಿಯಲ್ಲೇ ಇರುತ್ತದೆ.